ಗಾಜಿನ ತಟ್ಟೆಯಲ್ಲಿ ಅಗಸೆ ಎಣ್ಣೆ

ಹರಪನಹಳ್ಳಿ
೧೨ ಮಾರ್ಚ್ ೨೦೨೫

ಪ್ರೀತಿಯ ಗಂಗಕ್ಕಾ,

ನಿನ್ನ ತಮ್ಮ ಕೊಟ್ರಸ್ವಾಮಿಯ ಶರಣು. ಹೇಗಿದ್ದೀ? ಬಾಯಿಹುಣ್ಣು ಮಾದಿದೆಯೇ, ಊಟ ಸೇರುತ್ತಿದೆಯೇ? ಮಾಗಳದ ಹೊಳೆಗಾಳಿಗೆ ತಲೆಗೊಂದು ವಸ್ತ್ರ ಕಟ್ಟಿಕೋ. ಕೂದಲು ಹೋದರೆ ಹೋಗಲಿ, ನೆಗಡಿ ಬರುವುದು ಬೇಡ. ಫೋನಿನಲ್ಲಿ ಕೇಳಿದರೆ 'ಹೂಂ' ಎಂದು ಭಾವನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಇಲ್ಲಿ ನಮಗೆಲ್ಲ ಸುಖ, ಹಗಲಿರುಳು ತಿರುಗುವ ಗಾಣದ ಮೋಟರಿಗೆ ಮಾತ್ರ ದುಃಖ.

ಭಾವನಿಂದ ನೀನು ಹೇಳಿಸಿದ ಮಾತು ತಲುಪಿತು: "ಅಗಸಿ ಎಣ್ಣಿ ಕ್ಯಾನ್ಸರ್ ಕೊಲ್ಲತೈತಂತ ಪೇಪರ್‌ನಾಗ ಬಂದೈತಿ. ತವರಿನ ಗಾಣ ಇರೋವಾಗ ಆ ಕೀಮೋ ಸಲೈನ್ ಯಾಕ? ಎಣ್ಣಿ ಕಳಿಸು, ಆಸ್ಪತ್ರಿ ಸಾಕು." ನಿಜ ಹೇಳುತ್ತೇನೆ, ನನ್ನ ಮೀಸೆ ಗೇಣು ಮೇಲೆದ್ದಿತು. ಬಿ.ಎ. ಓದಿ ಗಾಣ ಹಿಡಿದವನಿಗೆ ಇಂಥ ಗೌರವ ದಿನಾ ಸಿಗುವುದಿಲ್ಲ. ಆದರೂ ಒಂದು ಮಾತು ಕೇಳಿಬರೋಣವೆಂದು ದಾವಣಗೆರೆಗೆ ಹೋದೆ. ತೆಲಿಗಿಯ ನನ್ನ ಸಹಪಾಠಿ ತಿಪ್ಪೇಶನ ಮಗಳು ಸಂಘಮಿತ್ರಾ ಅಲ್ಲಿನ ಪ್ರಯೋಗಾಲಯದಲ್ಲಿ ಇದೇ ಸಂಶೋಧನೆ ಮಾಡುತ್ತಾಳೆ. ಬರಿಗೈಲಿ ಹೋಗಲಾದೀತೇ? ಗಿರಾಕಿಗೆಂದು ತೆಗೆದ ಎಣ್ಣೆಯಲ್ಲೇ ಒಂದು ಬಾಟಲಿ ಒಯ್ದು, "ಕಲಬೆರಕಿ ಇಲ್ಲವ್ವಾ. ನಾಕು ಹನಿ ಬಿಡು, ಕಣ್ಣೆದುರಿಗೇ ಸಾಯ್ಲಿ" ಎಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಕಾಕಾ, ಹುಟ್ಟಿದಾಗಿಂದ ಎಣ್ಣ್ಯಾಗ ಅದೀರಿ, ಎಣ್ಣಿ ನೀರಿನ ಮ್ಯಾಲೆ ತೇಲತೈತಿ ಅನ್ನೋದು ಮರತ್ರ್ಯಾ? ಕ್ಯಾನ್ಸರ್ ಕಣ ತಟ್ಟಿ ತಳದಾಗ ಅದಾವು!"

ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅಕ್ಕಾ, ಏನೆಂದು ಬರೆಯಲಿ! ಅಂಗೈಯಗಲದ ಗಾಜಿನ ತಟ್ಟೆಯಲ್ಲಿ ಒಂದು ಊರೇ ಇತ್ತು. ಸಂತೆಯ ದಿನ ಬಸ್ಸು ಹತ್ತಿದವರಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಒಂದಂತೂ ನಡು ಸಣ್ಣದಾಗಿ, ಎರಡಾಗುವ ಅರ್ಧ ದಾರಿಯಲ್ಲಿತ್ತು. ಇವು ಯಾರವು ಎಂದೆ. ಯಾವುದೋ ದೇಶದ ಹೆಂಗಸಿನ ಎದೆಗಡ್ಡೆಯವಂತೆ. "ಆಕಿ ತೀರಿ ಎಷ್ಟೋ ವರ್ಷಾತು ಕಾಕಾ. ಇವು ಇನ್ನೂ ಬೆಳೀತಾವ." ಅರಿವಿಲ್ಲದೆ ಕೈ ಮುಗಿದೆ; ಕಣಕ್ಕಲ್ಲ, ಆ ಹೆಣ್ಣುಮಗಳಿಗೆ. ಇನ್ನೊಂದು ತಟ್ಟೆಗೆ ಸಂಘಮಿತ್ರಾ ಅಗಸೆ ಎಣ್ಣೆಯಲ್ಲಿರುವ ಕೊಬ್ಬಿನ ಆಮ್ಲವನ್ನು ಪ್ರೋಟೀನಿಗೆ ಅಂಟಿಸಿ ಉಣಿಸಿದ್ದಳು. ಅಲ್ಲಿಯ ಕಣಗಳು ಗಬಗಬ ನುಂಗಿ, ಮೈತುಂಬ ಹನಿ ಕಟ್ಟಿಕೊಂಡು, ಆ ಕೊಬ್ಬು ಒಳಗೇ ಕಮಟು ಹಿಡಿದು, ಚೂರುಚೂರಾಗಿ ಬಿದ್ದಿದ್ದವು. ಅಗಸೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆಂದು ಅಪ್ಪ ಜೀವಮಾನವೆಲ್ಲ ಬೈದನಲ್ಲ, ಆ ಅವಗುಣವೇ ಅಲ್ಲಿ ಆಯುಧ! "ಹಂಗಾರ ನಮ್ಮಕ್ಕಗ ಇದಽ ಸಾಕಲ್ಲ?" ಎಂದೆ. ಅವಳ ನಗು ನಿಂತಿತು. "ಬ್ಯಾಡ್ರಿ ಕಾಕಾ. ಇದು ಗಾಜಿನೊಳಗಿನ ಮಾತು. ಕುಡಿದ ಎಣ್ಣಿ ಹೊಟ್ಟ್ಯಾಗ ಕರಗಿ, ಮೈಯೆಲ್ಲಾ ಹಂಚಿಹೋಗಿ, ಗಡ್ಡಿಗೆ ಎಷ್ಟು ಮುಟ್ಟತೈತೋ ನಮಗಽ ಇನ್ನೂ ಗೊತ್ತಿಲ್ಲ. ಗೊತ್ತಾಗಾಕ ವರ್ಷಗಟ್ಲೆ ಬೇಕು. ಗಡ್ಡಿ ಅಲ್ಲೀತನಾ ಕಾಯ್ತೈತೇನು?" ಬಸ್ಸಿನಲ್ಲಿ ಬರುವಾಗ ನನ್ನ ಚಟಕ್ಕೊಂದು ಪ್ರಾಸ ಸಿಕ್ಕಿತು: ತಟ್ಟೆಯಲ್ಲಿ ಸತ್ತದ್ದೆಲ್ಲ ಹೊಟ್ಟೆಯಲ್ಲಿ ಸಾಯುವುದಿಲ್ಲ. ಪ್ರಾಸ ಕೂಡಿಯೂ ಖುಷಿಯಾಗದಿದ್ದುದು ಇದೇ ಮೊದಲ ಸಲ.

ಭಾವನವರಿಗೆ ಶರಣು, ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆಯೆಂದು ಹೇಳು.

ನಿನ್ನ ತಮ್ಮ,
ಕೊಟ್ರಸ್ವಾಮಿ

ತಾ.ಕ.: ಹಡಗಲಿ ಬಸ್ಸು ಹೊರಟಿದೆ, ಕಂಡಕ್ಟರು ಕಾಗದಕ್ಕೆ ಕೈಚಾಚಿದ್ದಾನೆ. ನಮ್ಮ ಹೊಲದ ಹೊಸ ಅಗಸೆ ಗಾಣಕ್ಕೆ ಬಿದ್ದಾಗಿದೆ; ಮೊದಲ ಎಣ್ಣೆ ಮನೆಯ ಮಗಳಿಗೆ ಮುಟ್ಟುವವರೆಗೆ ಇಲ್ಲಿ ಯಾರೂ ಬಾಯಿಗಿಡುವಂತಿಲ್ಲ, ನಿನಗೆ ಗೊತ್ತಲ್ಲ. ಅದನ್ನು ಬೇಕೆಂದೇ ಕಳಿಸಿಲ್ಲ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ. ಸಲೈನ್ ಇಳಿದ ಮೇಲೇ ಎಣ್ಣೆಯ ಕ್ಯಾನು ನಿನ್ನ ಕೈಗೆ. ಅವ್ವನೂ ಹಟ ಹಿಡಿದಿದ್ದಾಳೆ: "ಆಕಿ ಸೂಜಿ ಚುಚ್ಚಿಸ್ಕಳ್ಳಿ, ಅಲ್ಲೀಮಟ ನಾನೂ ಎಣ್ಣಿ ಇಲ್ಲದ ಒಣರೊಟ್ಟಿನಽ ತಿಂತೀನಿ." ಅವಳಿಗೆ ಹಲ್ಲಿಲ್ಲ, ಬೇಗ ಒಪ್ಪಿಕೋ.