ಪುಟದ ಕೆಳಗಿನ ಅರ್ಧ

ಮಂಗಲಪೇಟ, ಬೀದರ
17 ಏಪ್ರಿಲ್ 2016, ಭಾನುವಾರ

ಪ್ರೀತಿಯ ತಮ್ಮಾ ತಿಮೋಥಿ,

ಕರ್ತನ ಶಾಂತಿ ನಿನ್ನ ಜೊತೆಗಿರಲಿ. ಸೊಂಟದ ನೋವು ಈಗ ಹೇಗಿದೆ? ಎಕ್ಸ್‌ರೇ ಕೋಣೆಯಲ್ಲಿ ಆ ಸೀಸದ ಏಪ್ರನ್ನು ದಿನವೆಲ್ಲ ಹೊತ್ತು ನಿಂತರೆ ಸೊಂಟ ಇನ್ನೇನಾಗಬೇಕು? ಊರಿನವರ ಎಲುಬೆಲ್ಲ ನೋಡುವವನ ಎಲುಬನ್ನು ಯಾರು ನೋಡುತ್ತಾರೆ ಎಂದು ನಿಮ್ಮ ಆಸ್ಪತ್ರೆಯ ದೊಡ್ಡವರನ್ನು ಒಮ್ಮೆ ಕೇಳು. ನನ್ನ ಬಗ್ಗೆ ಚಿಂತೆ ಬೇಡ. ಅರವತ್ತಾರಕ್ಕೆ ಎಷ್ಟು ಕೆಡಬೇಕೋ ಅಷ್ಟೇ ಕೆಟ್ಟಿದ್ದೇನೆ, ಅದಕ್ಕಿಂತ ಹೆಚ್ಚಿಲ್ಲ. ನಿನ್ನ ಹೆಂಡತಿ ಹೆಲೆನ ನನ್ನ ಎದುರಿಗೇ ಕುಳಿತಿದ್ದಾಳೆ, ಆರಾಮ ಇದ್ದಾಳೆ. ನೀನು ಜನವರಿಯಲ್ಲಿ ಹೇಳಿದ ಹಾಗೆ ಠಾಣಾ ಕುಶನೂರದ ನರ್ಸು ಕೆಲಸದಿಂದ ರಜೆ ಹಾಕಿ ನನ್ನ ಮನೆಗೆ ಬಂದದ್ದು ಒಳ್ಳೆಯದೇ ಆಯಿತು. ಇಲ್ಲಿ ಎಂಟು ದಿನಕ್ಕೊಮ್ಮೆಯಾದರೂ ನಳ ಬರುತ್ತದೆ. ನಿನಗಾಗಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತಾನೇ ಕುಟ್ಟಿದ್ದಾಳೆ. ಪಕ್ಕದ ಮನೆಯ ಅಜೀಜಾ ಬೇಗಂ ಮಗಳ ಬಾಣಂತನಕ್ಕೆಂದು ನೀನು ದುಡಿಯುವ ಪರದೇಶದ ಊರಿಗೇ ಬರುತ್ತಿದ್ದಾರೆ, ನಾಳೆ ಹೈದರಾಬಾದಿನಿಂದ ವಿಮಾನ. ಹಿಂಡಿ, ಖಡಕ್ ರೊಟ್ಟಿ, ಈ ಪತ್ರ ಮೂರೂ ಅವರ ಪೆಟ್ಟಿಗೆಯಲ್ಲಿವೆ. ಮಂಗಳವಾರ ಹೋಗಿ ಇಸಿದುಕೊ.

ಇನ್ನು ಸುದ್ದಿಗೆ ಬರುತ್ತೇನೆ. ಗುರುವಾರ ಅಯ್ಯುಬ ಭಾಲ್ಕಿಯಿಂದ ಬಂದಿದ್ದ. ಅಲ್ಲಿ ನಿನ್ನ ಜೊತೆ ಒಂದೇ ಕೋಣೆಯಲ್ಲಿ ಆರು ವರ್ಷ ಇದ್ದ ಹುಡುಗ ನನ್ನ ಕಟ್ಟೆಯ ಮೇಲೆ ಕುಳಿತು ಕೈ ಹೊಸೆಯುತ್ತಿದ್ದ. ಆ ದೇಶದವರು ಬಂದ್ ಮಾಡಿದ ಸುದ್ದಿಯ ವೆಬ್‌ಸೈಟುಗಳನ್ನು ತೆರೆಯುವ ಕಳ್ಳ ಕಿಂಡಿಯನ್ನು ಅವನು ಮೊಬೈಲಿನಲ್ಲಿ ಹಾಕಿಕೊಂಡಿದ್ದನಂತೆ. ಗೇಟಿನಲ್ಲಿ ಪೊಲೀಸರು ಫೋನು ಇಸಿದುಕೊಂಡು ನೋಡಿದರಂತೆ. ಎರಡು ದಿನ ಠಾಣೆ, ಮೂರನೆಯ ದಿನ ವಾಪಸು ವಿಮಾನ. "ಆಪಾ, ನಾ ಏನ್ ಬಾಂಬ್ ಮಾಡೋದು ನೋಡಿಲ್ರಿ. ನಮ್ಮ ಭಾಲ್ಕಿ ಬಸ್ ಸ್ಟ್ಯಾಂಡಿಗಿ ನೀರಿನ ಟಾಕಿ ಬಂತಾ ಇಲ್ಲಾ, ಅಷ್ಟೇ ನೋಡ್ಲಾಕತ್ತಿದ್ದೆ" ಎಂದ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವನು ಈಗ ಇಲ್ಲೇ ಪಕ್ಕದ ಕೊಳಾರದ ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ ಹುಡುಕುತ್ತಿದ್ದಾನೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ: ಬರುವ ಶುಕ್ರವಾರ ನೀನೂ ಅದೇ ಕಿಂಡಿ ಹಾಕಿಸಿಕೊಳ್ಳುವವನಿದ್ದೀಯಂತೆ.

ತಿಮೋಥಿ, ಹಾಕಿಸಿಕೊಳ್ಳಬೇಡ. ಈ ಪತ್ರ ಬರೆಯುತ್ತಿರುವುದೇ ಇದೊಂದಕ್ಕೆ. ಫೋನಿನಲ್ಲಿ ಈ ಮಾತು ಆಡುವ ಹಾಗಿಲ್ಲ, ಅದಕ್ಕೇ ಕಾಗದ.

ನಿನ್ನ ಸಿಟ್ಟು ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡ. ಯಾವುದೋ ದೂರದ ಪೇಪರು, ಬಿಸಿಲಿನಲ್ಲಿ ಸಾಯುವ ಕೂಲಿಕಾರರ ಬಗ್ಗೆ ಬರೆಯಿತೆಂದು ಆ ದೇಶದ ದೊರೆಗೆ ಕೋಪ ಬಂತು. ಸರಿ, ಅವನ ಕೋಪ ಅವನಿಗೆ. ಆದರೆ ಹೊರದೇಶದ ಸುದ್ದಿ ಎಂದು ಎಲ್ಲವನ್ನೂ ಒಂದೇ ಬೀಗದಲ್ಲಿ ಹಾಕಿದರೆ, ನಮ್ಮ ಬೀದರ ಜಿಲ್ಲೆಯ ಒಂದು ಪುಟ ಅವನಿಗೇನು ಮಾಡಿತ್ತು? ಅದರಲ್ಲಿ ಇರುವುದೇನು? ಯಾರದೋ ನಿಧನ, ಯಾರದೋ ವರ್ಗಾವಣೆ, ತೊಗರಿಯ ಧಾರಣೆ, ಮಾಂಜ್ರಾ ನದಿಯಲ್ಲಿ ಒರತೆ ತೋಡುವವರ ಫೋಟೊ. ಶುಕ್ರವಾರ ಊಟವಾದ ಮೇಲೆ ನೀನು, ಅಯ್ಯುಬ, ಹಲಬರ್ಗಾದ ಪಂಢರಿ ಮೂವರೂ ಒಂದೇ ಫೋನಿನ ಸುತ್ತ ಕುಳಿತು, ನೀನು ಓದಿ ಹೇಳುತ್ತಿದ್ದದ್ದು, ಪಂಢರಿ ಪ್ರತಿ ಸಾಲಿಗೂ "ಎರಡನೇ ಸಲ ಓದ್ರಿ ಸರ" ಎನ್ನುತ್ತಿದ್ದದ್ದು ಎಲ್ಲ ನೀನೇ ಹೇಳಿದ್ದೀಯ. ಮನುಷ್ಯ ದುಡಿಯಲು ಹೋದ ಮಾತ್ರಕ್ಕೆ ಅವನ ಊರು ಅವನಿಗೆ ಬೇಡವಾಗುತ್ತದೆಯೆ? ಅವನ ಕೈಕಾಲು ಬೇಕು, ಕಣ್ಣು ಬೇಡ ಎಂದರೆ ಹೇಗೆ? ಮೂವತ್ತೈದು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಸುದ್ದಿ ಮುಚ್ಚಿದವರು ಯಾರೂ ಬಹಳ ದಿನ ನೆಮ್ಮದಿಯಿಂದ ಇದ್ದದ್ದನ್ನು ನಾನು ಓದಿಲ್ಲ.

ನಿನಗೆ ಅಪ್ಪನ ಕೌದಿ ನೆನಪಿರಬೇಕು. ತುರ್ತುಪರಿಸ್ಥಿತಿಯ ವರ್ಷ, ನಿನಗೆ ಏಳು. ನನಗೆ ಆಗಷ್ಟೇ ಮಾಸ್ತರಿಕೆ ಸಿಕ್ಕಿತ್ತು. ಅಪ್ಪ ಪರದೇಶದ ರೇಡಿಯೊ ಕೇಳಬೇಕು, ಆದರೆ ಸದ್ದು ಹೊರಗೆ ಹೋಗಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ರೇಡಿಯೊ ಎದೆಗವಚಿಕೊಂಡು ಎರಡು ಕೌದಿ ಹೊದ್ದು ಮಲಗುತ್ತಿದ್ದ. ನಿನ್ನನ್ನು ಬಾಗಿಲಲ್ಲಿ ಕೂಡಿಸುತ್ತಿದ್ದ. ಯಾರಾದರೂ ಬಂದು ಕೇಳಿದರೆ "ಅಪ್ಪಗ ಚಳಿಜ್ವರ" ಎನ್ನಬೇಕು. ಒಮ್ಮೆ ಪಾದ್ರಿಯವರೇ ಬಂದರು, ನೀನು ಚಳಿಜ್ವರ ಎಂದೆ, ಅವರು ಅಲ್ಲೇ ಮೊಣಕಾಲೂರಿ ಅರ್ಧ ಗಂಟೆ ಪ್ರಾರ್ಥನೆ ಮಾಡಿದರು. ಅಪ್ಪ ಒಳಗೇ ಬೆಂದುಹೋದ. ಹೊರಗೆ ಬಂದಾಗ ಅಂಗಿ ಹಿಂಡಿದರೆ ಒಂದು ತಂಬಿಗೆ ನೀರು ಬರುವಂತಿತ್ತು. ಆದರೆ ಕೇಳಿದ್ದೆಲ್ಲ ಅವನು ಹೇಳುತ್ತಿರಲಿಲ್ಲ. ಇಷ್ಟು ಹೇಳಿ, ಅವ್ವ ಹೆದರುತ್ತಾಳೆಂದು ಉಳಿದದ್ದನ್ನು ಬಿಡುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು: "ಸರಕಾರ ಅರ್ಧಾ ಮುಚ್ತದ, ಉಳಿದ ಅರ್ಧಾ ನೀವು ಮುಚ್ತೀರಿ. ನನಗ ಏನ್ ಉಳೀತು?"

ಈಗ ನೀನು ಕೇಳಿರುವುದಕ್ಕೆ ಉತ್ತರ. ವೆಬ್‌ಸೈಟು ಬಂದ್ ಆದ ಮೇಲೆ ಪ್ರತಿ ಶನಿವಾರ ಮಕ್ಸೂದನ ಝೆರಾಕ್ಸ್ ಅಂಗಡಿಗೆ ಹೋಗಿ, ಜಿಲ್ಲೆಯ ಪುಟವನ್ನು ಅವನ ಯಂತ್ರದ ಮೇಲಿಟ್ಟು, ಅವನ ಫೋನಿನಿಂದ ನಿನಗೆ ಕಳಿಸುತ್ತಿದ್ದೇನೆ. ಮಾರ್ಚಿನಿಂದ ಮೇಲಿನ ಅರ್ಧವಷ್ಟೇ ಬರುತ್ತಿದೆ, ಕೆಳಗಿನದು ಎಲ್ಲಿ ಎಂದು ನೀನು ನಾಲ್ಕು ಸಲ ಕೇಳಿದೆ. "ಅಕ್ಕಾ, ನಾನು ಡಾಕ್ಟರಿಗೆ ಅರ್ಧ ಎಕ್ಸ್‌ರೇ ಕೊಟ್ಟರೆ ಸುಮ್ಮನಿರುತ್ತಾರಾ?" ಎಂದೂ ಬರೆದೆ. ಕೆಳಗಿನ ಅರ್ಧದಲ್ಲಿ ಬರೀ ಟೆಂಡರು, ಜಾಹೀರಾತು, ಕೋಚಿಂಗ್ ಕ್ಲಾಸು, ಮೂಲವ್ಯಾಧಿಯ ಔಷಧ. ಯಂತ್ರದ ಗಾಜು ಸಣ್ಣದು, ಮಡಚಿದರೆ ಅರ್ಧವೇ ಹಿಡಿಯುತ್ತದೆ. ಅಷ್ಟಕ್ಕಾಗಿ ನೀನು ಜೈಲಿಗೆ ಹೋಗುವ ಕಿಂಡಿ ತೆರೆಯಬೇಕೆ? ಇನ್ನು ಮುಂದೆ ಎರಡೂ ಅರ್ಧ ಕಳಿಸುತ್ತೇನೆ, ಮೂಲವ್ಯಾಧಿಯನ್ನೂ ಓದಿಕೊ.

ಬರ ಹೇಗಿದೆ ಎಂದು ಪ್ರತಿ ಭಾನುವಾರ ಕೇಳುತ್ತೀಯ. ಎಪ್ಪತ್ತೆರಡರ ಬರವನ್ನು ಕಂಡವಳು ನಾನು. ಆಗ ಕೆಂಪು ಜೋಳದ ರೊಟ್ಟಿ ತಿಂದೆವು, ಜನ ಕಲ್ಲು ಒಡೆಯುವ ಕಾಮಗಾರಿಗೆ ಹೋದರು, ಆದರೆ ಕುಡಿಯುವ ನೀರಿಗೆ ಇಷ್ಟು ತತ್ವಾರ ಇರಲಿಲ್ಲ. ಈಗ ಲಾತೂರಿಗೆ ರೈಲಿನಲ್ಲಿ ನೀರು ತರುತ್ತಿದ್ದಾರೆ. ಔರಾದ ಕಡೆಯಿಂದ ಹೈದರಾಬಾದು, ಪುಣೆ ಬಸ್ಸುಗಳು ತುಂಬಿ ಹೋಗುತ್ತಿವೆ, ಬರುವಾಗ ಖಾಲಿ. ಸ್ಟ್ಯಾಂಡಿನಲ್ಲಿ ಗಂಟುಮೂಟೆಯ ಮೇಲೆ ಮಲಗಿದ ಕೂಸುಗಳನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ದೇಶ ಬಿಟ್ಟವರ ಲೆಕ್ಕ ಪಾಸ್‌ಪೋರ್ಟಿನಲ್ಲಾದರೂ ಇರುತ್ತದೆ, ತಾಲೂಕು ಬಿಟ್ಟವರದು ಎಲ್ಲಿಯೂ ಇಲ್ಲ. ಹೆಲೆನ ಇದನ್ನು ಓದಿ "ಅಕ್ಕಾರ, ಅವರಿಗಿ ಇಂಥಾವೆಲ್ಲಾ ಯಾಕ ಬರೀತೀರಿ, ಮೊದಲೇ ಚಿಂತಿ ಮನಶ್ಯಾ" ಎನ್ನುತ್ತಿದ್ದಾಳೆ. ಅವಳು ಬೇರೆ ಬರೆಯುವುದಿಲ್ಲವಂತೆ, ಮುಂಜಾನೆ ಚರ್ಚು ಬಿಟ್ಟ ಮೇಲೆ ಫೋನಿನಲ್ಲಿ ಎಲ್ಲ ಮಾತಾಡಿ ಆಗಿದೆಯಂತೆ.

ಪಂಢರಿಗೆ ನನ್ನ ನಮಸ್ಕಾರ ಹೇಳು, ಭಾಲ್ಕಿಯ ತೊಗರಿ ಧಾರಣೆ ಹೋದ ವಾರಕ್ಕಿಂತ ಏರಿದೆ ಎಂದು ಎರಡು ಸಲ ಓದಿ ಹೇಳು. ಬಿಸಿಲಿಗೆ ಬರಿತಲೆಯಲ್ಲಿ ಹೋಗಬೇಡ. ನಮ್ಮಪ್ಪನನ್ನು ಕೌದಿಯೊಳಗೆ ಕಾಯ್ದ ದೇವರು ನಿನ್ನನ್ನು ಆ ಉರಿಯಲ್ಲಿ ಕಾಯಲಿ.

ನಿನ್ನ ಅಕ್ಕ,
ಎಡಿತ

ತಾ.ಕ.: ಹೆಲೆನ ಪತ್ರವನ್ನು ಪೂರ್ತಿ ಓದಿ, ಸರಿ ಎಂದು, ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ಎಲ್ಲಿಗೆ ಎಂದು ಕೇಳು. ಠಾಣಾ ಕುಶನೂರಿಗೆ. ಇದನ್ನು ಅಜೀಜಾ ಬೇಗಂ ಅವರ ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ, ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಅವಳು ನನ್ನ ಮನೆಗೆ ಇರಲು ಬಂದೇ ಇಲ್ಲ ತಿಮೋಥಿ. ರಜೆಯನ್ನೂ ಹಾಕಿಲ್ಲ. ಊರಿನವರು ಗುಳೆ ಹೋದರು, ಹೋಗಲಾರದ ಏಳು ಬಸುರಿಯರು ಉಳಿದರು, ಅವರನ್ನು ಬಿಟ್ಟು ಯಾವ ನರ್ಸು ಬರುತ್ತಾಳೆ? ನಿನಗೆ ಹೂಂ ಅಂದಳು, ಅಲ್ಲೇ ಉಳಿದಳು. ಪ್ರತಿ ಭಾನುವಾರ ಮುಂಜಾನೆ ಆರು ಗಂಟೆಯ ಬಸ್ಸು ಹಿಡಿದು ಬಂದು, ನಿನ್ನ ಫೋನಿಗಾಗಿ ನನ್ನ ಮನೆಯಲ್ಲಿ ಕುಳಿತು, ಮಾತಾಡಿ ಹೋಗುತ್ತಾಳೆ. ಮೊಬೈಲು ಕೆಟ್ಟಿದೆ, ಅಕ್ಕನ ಮನೆಯ ಫೋನಿಗೇ ಮಾಡಿ ಎಂದದ್ದೂ ಸುಳ್ಳು.

ಮಾರ್ಚಿನಲ್ಲಿ ಊರಿಗೆ ಬರಬೇಕಾದ ನೀರಿನ ಟ್ಯಾಂಕರು ಯಾರದೋ ತೋಟದ ದಾರಿ ಹಿಡಿಯಿತು. ಹೆಂಗಸರೆಲ್ಲ ಅಡ್ಡ ಕುಳಿತರು, ನಡುವೆ ಇವಳು. ನೂಕಾಟದಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಟ್ಯಾಂಕರು ಮಾತ್ರ ಊರಿಗೇ ಬಂತು. ಪ್ಲಾಸ್ಟರು ಬಿಚ್ಚಿ ಒಂದು ವಾರವಾಯಿತು, ಕೂಡಿದೆ, ಹೆದರಬೇಡ. ಹಿಂಡಿ ಕುಟ್ಟಿದವಳು ನಾನು. ಸರಕಾರಿ ನೌಕರಳಾಗಿ ರಸ್ತೆಯಲ್ಲಿ ಯಾಕೆ ಕುಳಿತೆ ಎಂದು ಮೇಲಿನವರು ನೋಟೀಸು ಕೊಟ್ಟಿದ್ದಾರೆ. ಫೋಟೊ ಮೊದಲು, ನೋಟೀಸು ಆಮೇಲೆ, ಊರಿನವರ ಅರ್ಜಿ ಆಮೇಲೆ, ಒಂದಾದ ಮೇಲೊಂದು ಜಿಲ್ಲೆಯ ಪುಟದ ಕೆಳಗಿನ ಅರ್ಧದಲ್ಲೇ ಬಂದವು. ನಿನಗೆ ಹೇಳುವುದಿಲ್ಲ ಎಂದು ನನ್ನಿಂದ ಬೈಬಲ್ಲಿನ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡಳು. ಪುಟವನ್ನು ಮಡಚಿದವಳು ನಾನು. "ಟೀಚರ್, ಕೆಳಗಿನ ಅರ್ಧಾ ಏನ್ ಗುನ್ಹೆ ಮಾಡ್ಯಾದ್ರಿ?" ಎಂದು ಮಕ್ಸೂದ ಪ್ರತಿ ಶನಿವಾರ ನಗುತ್ತಿದ್ದ. ಗಾಜು ಸಣ್ಣದು ಎಂದು ನಿನಗೆ ಬರೆದೆನಲ್ಲ, ಅದೂ ಸುಳ್ಳು. ದೊರೆಯನ್ನು ಬೈಯುತ್ತ ಎರಡು ಹಾಳೆ ತುಂಬಿಸಿದ ನಿನ್ನ ಅಕ್ಕ ಒಂದೂವರೆ ತಿಂಗಳು ಇದನ್ನೇ ಮಾಡಿದಳು. ನೀನು ಹುಡುಕಲು ಹೊರಟಿರುವುದು ಆ ಕಿಂಡಿಯ ಆಚೆ ಇಲ್ಲ. ಅಯ್ಯುಬನ ಹಾಗೆ ನಿನ್ನನ್ನೂ ಕಳಿಸಿದರೆ ಅದು ನನ್ನ ತಲೆಗೆ.

ಹಿಂಡಿಯ ಡಬ್ಬಿಗೆ ಸುತ್ತಿದ ಪೇಪರು ಹರಿಯಬೇಡ. ಆ ಮೂರೂ ಸುದ್ದಿ ಬಂದ ಪೂರ್ತಿ ಪುಟಗಳು, ಒಂದರ ಮೇಲೊಂದು ಸುತ್ತಿದ್ದೇನೆ. ಫೋಟೊದಲ್ಲಿ ಖಾಲಿ ಕೊಡ ಮಡಿಲಲ್ಲಿಟ್ಟುಕೊಂಡು, ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತವಳು ಅವಳು. ಪಂಢರಿಗೂ ಓದಿ ಹೇಳು. ಬೈಯುವುದಿದ್ದರೆ ನನ್ನನ್ನು ಬೈ. ಬರುವ ಭಾನುವಾರ ನನ್ನ ಮನೆಗೆ ಫೋನು ಮಾಡಬೇಡ. ಅವಳ ಮೊಬೈಲಿಗೆ ಮಾಡು, ಇಲ್ಲಿಯ ಮುಂಜಾನೆ ಆರು ಗಂಟೆಗಿಂತ ಮೊದಲು, ಅವಳು ಬಸ್ ಸ್ಟ್ಯಾಂಡಿಗೆ ಹೊರಡುವ ಮುಂಚೆ.