ಆಡು ತಿಂದ ಬನ್ನಿಗಿಡ

ಅಕ್ಕೋಳ
೧೨-೭-೧೯೯೧

ಹೇಳದ ಕೇಳದ ಮಂಗಸೂಳಿ ಊರಿನ ಮಾವನ ಮನಿಗೆ ಓಡಿಹೋದ ತಮ್ಮ ಮಲಕಾರಿಗೆ,

ನಿನ್ನ ಆಡು ತಿಂದ ಗಿಡ ಸತ್ತಿಲ್ಲ. ನೀಲಗಿರಿ ಕಿತ್ತು ಕಬಡ್ಡಿ ಮೈದಾನದ ಸುತ್ತ ನೀವೆಲ್ಲಾ ಹಚ್ಚಿದ ಬನ್ನಿ, ಭಾರಿ ಮಳಿ ಬಿದ್ದ ಮ್ಯಾಲೆ ಬುಡದಿಂದ ಚಿಗಿತಾವ. ನಡುನಡುವ ನಮ್ಮ ಹಳೇ ಹುಲ್ಲೂ ಎದ್ದೈತಿ.

ಇದನ್ನ ಹೇಳಾಕ ನಿಮ್ಮ ಕ್ಯಾಪ್ಟನ್ ಮಲಿಕಸಾಬ ತಾನ ನಮ್ಮ ಮನಿಗೆ ಬಂದಿದ್ದ. ಆಡು ಗಿಡ ತಿಂದ ದಿನ ನಿನಗ ಅಷ್ಟು ಬೈದಾಂವ, "ಮಲಕಾರಿ ಯಾವಾಗ ಬರ್ತಾನ್ರಿ ಅಕ್ಕಾ?" ಅಂದ. ಅವ್ವ ಅವನ ಕಪ್ಪಿಗೆ ಮತ್ತ ಚಾ ಹಾಕಿದಳು.

೨೧ನೇ ತಾರೀಖ ಐತವಾರ ಸದಲಗಾದವರ ಜೋಡಿ ಮ್ಯಾಚ್ ಐತಿ. ಶನಿವಾರನ ಬಾ. ಬರುವಾಗ ನಿಪ್ಪಾಣ್ಯಾಗ ಒಂದು ಗಟ್ಟಿ ಹಗ್ಗ ತಗೋ. ಹಳೇದು ಇವತ್ತ ಹರದೈತಿ. ಮೈದಾನದ ಬಾಜೂಕ ಕುಂತು, ಒಂದು ಕೈಲೆ ಆಡಿನ ಕಿವಿ ಹಿಡಕೊಂಡು ಈ ಪತ್ರ ಬರಿಯಾಕತ್ತೇನಿ.

ನಿನ್ನ ಅಕ್ಕ,
ಸಾವಕ್ಕ