ಎರಡು ಸಲ ಹೊಡೆಯುವ ಗಂಟೆ

ಕೊರೆಜ್, ಆಗಸ್ಟ್ ೯

ಅಕ್ಕಾ,

ವಿಶ್ರಾಂತಿಗೆಂದು ಈ ಹಳ್ಳಿಗೆ ಬಂದು ವಾರವಾದರೂ ದಣಿವು ಇಳಿದಿಲ್ಲ. ಅಮ್ಮ ತೀರಿಕೊಳ್ಳುವವರೆಗೆ ಮೂರು ವರ್ಷ ಅವಳನ್ನು ಎತ್ತಿ ಕೂರಿಸಿದ ಸೊಂಟ ಇಲ್ಲಿಯೂ ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತದೆ. ಮಾಡಲು ಇರುವುದಾದರೂ ಏನು? ನದಿಯವರೆಗೆ ನಡೆಯುವುದು, ಬ್ರೆಡ್ ತರುವುದು, ಉಂಡು ಮಲಗುವುದು. ನಿನ್ನೆ ಅದೂ ಕೆಟ್ಟಿತು. ಮಧ್ಯಾಹ್ನ ಮರದಡಿ ಮಲಗಿದ್ದಾಗ ನಿದ್ದೆಗಣ್ಣಿನಲ್ಲಿ ಚರ್ಚಿನ ಗಂಟೆ ಎಣಿಸಿದೆ: ಆರು! ಬ್ರೆಡ್ ಮುಗಿದೇ ಹೋಯಿತೆಂದು ಚೀಲ ಹಿಡಿದು ಓಡಿದರೆ ಅಂಗಡಿಯ ಬಾಗಿಲು ಹಾಕಿತ್ತು.

ಎದುರಿನ ಕಟ್ಟೆಯಲ್ಲಿ ಬೀನ್ಸ್ ಸುಲಿಯುತ್ತಿದ್ದ ಮುದುಕ ಫಿರ್ಮ್ಯಾಂ ನಕ್ಕ. “ಪ್ಯಾರಿಸ್‌ನವರಾ ತಾಯಿ? ಈಗಿನ್ನೂ ಮೂರು. ಅಂಗಡಿ ತೆಗೆಯೋದು ನಾಲ್ಕಕ್ಕೆ. ನಮ್ಮೂರ ಗಂಟೆ ಪ್ರತಿ ಹೊತ್ತನ್ನೂ ಎರಡು ಸಲ ಹೊಡಿಯುತ್ತೆ.”

“ಒಂದು ಸಲ ಹೊಡೆದ್ರೆ ಸಾಲದಾ?”

“ಮೊದಲನೇದು ಎಲ್ಲರಿಗೂ ಎಲ್ಲಿ ಕೇಳಿಸುತ್ತೆ? ಹೊಲದಲ್ಲಿ ಇರ್ತಾರೆ, ನಿದ್ದೆಯಲ್ಲಿ ಇರ್ತಾರೆ. ಬನ್ನಿ, ಕೂತ್ಕೊಂಡು ಕಾಯಿ ಸುಲೀರಿ. ನೀವು ನಿಂತ್ರೆ ಬಾಗಿಲೇನೂ ಬೇಗ ತೆಗೆಯಲ್ಲ.”

ಒಂದು ಗಂಟೆ ಸುಲಿದೆ. ಆ ಹೊತ್ತಿನಲ್ಲಿ ಸೊಂಟದ ನೆನಪೇ ಬರಲಿಲ್ಲ. ಆದರೂ ನನ್ನ ಮುಲಾಮು ಅಲ್ಲಿ ಅಮ್ಮನ ಅಡುಗೆಮನೆಯ ಕಿಟಕಿಯಲ್ಲೇ ಉಳಿದಿದೆ, ತಾ.

ರೈಲು ಹತ್ತುವಾಗ ನಿನ್ನನ್ನು “ಕ್ರಿಸ್‌ಮಸ್‌ಗೆ ಮಾತ್ರ ಬರೋ ಮಗಳು” ಅಂದುಬಿಟ್ಟೆ. ಅದು ತಪ್ಪು. ಬಂದ ದಿನವೇ ನಿನಗೆ ಬಾ ಎಂದು ಒಂದು ಕಾರ್ಡ್ ಹಾಕಿದ್ದೆ, ಉತ್ತರ ಬರಲಿಲ್ಲ. ಅಂಚೆಯವಳ ಗಾಡಿ ಬಂದೇಬಿಟ್ಟಿತು, ಈ ಕಾಗದ ಅವಳ ಕೈಗೆ ಕೊಡಬೇಕು. ಎರಡನೇ ಸಲ ಹೊಡೆಯುತ್ತಿದ್ದೇನೆ: ಬಾ.

ನಿನ್ನ ಮಿರೇಯ್